ಅಲೋರ್ನಾ ಕೋಟೆಯ ಬಾಗಿಲಲ್ಲಿ ಪೂರ್ತಿ ಕಥೆ ಬರೆಸಿ: ಗೋವಾ ಸರ್ಕಾರಕ್ಕೊಂದು ಬಹಿರಂಗ ಪತ್ರ

ಗೋವಾ ಸರ್ಕಾರದ ಪುರಾತತ್ವ ಇಲಾಖೆ ಮತ್ತು ಪ್ರವಾಸೋದ್ಯಮ ಇಲಾಖೆಯ ಅಧಿಕಾರಿಗಳಿಗೆ,

ಮಾನ್ಯರೇ,

ಕಾರವಾರದಿಂದ ಬರೆಯುತ್ತಿದ್ದೇನೆ. ಪತ್ರ ಕನ್ನಡದಲ್ಲಿದೆ ಅಂತ ಪಕ್ಕಕ್ಕಿಡಬೇಡಿ. ನಿಮ್ಮ ಊರುಗಳಲ್ಲಿ ಕನ್ನಡ ಓದುವವರಿಗೆ ಬರವಿಲ್ಲ, ಒಬ್ಬರನ್ನು ಕರೆದು ಓದಿಸಿದರೆ ಆಯಿತು. ವಾರದ ಕೊನೆಗೆ ಗಾಡಿ ತುಂಬಿಕೊಂಡು ಗೋವಾಕ್ಕೆ ಹೊರಡುವ ನಮ್ಮವರೂ ಇದನ್ನು ಓದಲಿ ಅನ್ನೋ ಆಸೆಯೂ ಇದೆ.

ನಾನು ಕೇಳುವುದು ದೊಡ್ಡದೇನಲ್ಲ. ಪೆರ್ನೆಂ ತಾಲೂಕಿನಲ್ಲಿ ಚಾಪೋರಾ ನದಿಯ ದಡದಲ್ಲಿ ಅಲೋರ್ನಾ ಕೋಟೆ ಇದೆಯಲ್ಲ, ಊರಿನವರು ಹಳರ್ಣ ಅನ್ನುವ ಕೋಟೆ, ಅಲ್ಲಿ ಆ ಹೆಸರಿನ ಪೂರ್ತಿ ಕಥೆಯನ್ನು ಬರೆಸಿ ನಿಲ್ಲಿಸಿ. ಯಾರು ಕಟ್ಟಿದರು, ಯಾವಾಗ ಯಾರು ಗೆದ್ದರು ಅನ್ನುವ ಎರಡು ಸಾಲು ಸಾಲದು. ಈ ಸಣ್ಣ ಕೋಟೆಯ ಹೆಸರು ಪೋರ್ಚುಗಲ್‌ನ ಒಂದು ದೊಡ್ಡ ಮನೆತನಕ್ಕೆ ಬಿರುದಾಯಿತು. ಆ ಮನೆತನ ಜೈಲು ಕಂಡಿತು, ವಧಾಸ್ಥಾನ ಕಂಡಿತು, ನೆಪೋಲಿಯನ್‌ನ ಸೈನ್ಯ ಸೇರಿತು, ಪೋರ್ಚುಗೀಸ್ ಭಾಷೆಗೆ ಒಬ್ಬ ಕವಯಿತ್ರಿಯನ್ನೂ ಕೊಟ್ಟಿತು. ಲಿಸ್ಬನ್‌ನಲ್ಲಿ ಆ ಹೆಸರು ಇವತ್ತಿಗೂ ಓಡಾಡುತ್ತಿದೆ. ಹೆಸರು ಕೊಟ್ಟ ಊರಿಗೆ ಬಂದವರಿಗೆ ಮಾತ್ರ ಕಲ್ಲು ಮತ್ತು ಹಸಿರು ಕಂಡರೆ ಸಾಕೇ?

ಆ ಬಿರುದು ಅಲೋರ್ನಾ ಮಾರ್ಕ್ವಿಸ್, ಅಂದರೆ ರಾಜ ಕೊಡುವ ಒಂದು ದೊಡ್ಡ ಪದವಿ. ಅದನ್ನು ಪಡೆದ ಮೊದಲನೆಯವನಿಂದ ಶುರು ಮಾಡುತ್ತೇನೆ. ಹೆಸರು ಪೆಡ್ರೊ ಮಿಗೆಲ್ ದ ಅಲ್ಮೇಡ. ಹುಟ್ಟಿದ್ದು 1688ರಲ್ಲಿ. ಮನೆಯ ಹಳೆಯ ಬಿರುದು ಅಸ್ಸುಮಾರ್ ಕೌಂಟ್ (ಮಾರ್ಕ್ವಿಸ್‌ಗಿಂತ ಕೆಳಗಿನದು), ಇವನು ಆ ಸಾಲಿನಲ್ಲಿ ಮೂರನೆಯವನು. ಗೋವಾಕ್ಕೆ ಬರುವುದಕ್ಕೆ ಸುಮಾರು ಮೂರು ದಶಕ ಮುಂಚೆ, 1717ರಿಂದ 1721ರವರೆಗೆ, ಬ್ರೆಜಿಲ್‌ನಲ್ಲಿ ಸಾವೊ ಪೌಲೊ ಮತ್ತು ಚಿನ್ನದ ಗಣಿಗಳ ಸೀಮೆಗೆ ಗವರ್ನರ್ ಆಗಿದ್ದ. ಅಲ್ಲಿನ ಎರಡು ಘಟನೆಗಳನ್ನು ಹೇಳದೆ ಮುಂದೆ ಹೋಗುವುದಕ್ಕೆ ಆಗುವುದಿಲ್ಲ.

1717ರ ಅಕ್ಟೋಬರ್‌ನಲ್ಲಿ ಅವನು ಗಣಿ ಸೀಮೆಗೆ ಹೋಗುವ ದಾರಿಯಲ್ಲಿ ಗ್ವಾರಟಿಂಗೆಟಾ ಅನ್ನುವ ಊರಿಗೆ ಬಂದ. ಸಾಹೇಬರ ಊಟಕ್ಕೆ ಮೀನು ಬೇಕು ಅಂತ ಮೂವರು ಬೆಸ್ತರನ್ನು ಪರೈಬಾ ನದಿಗೆ ಕಳಿಸಿದರು. ಎಷ್ಟು ಹೊತ್ತು ಬಲೆ ಬೀಸಿದರೂ ಮೀನಿಲ್ಲ. ಕೊನೆಗೆ ಬಲೆಯಲ್ಲಿ ಬಂದದ್ದು ಮೇರಿ ಮಾತೆಯ ಒಂದು ಮಣ್ಣಿನ ಮೂರ್ತಿ. ಮೊದಲು ತಲೆಯಿಲ್ಲದ ಮೈ, ಮತ್ತೆ ಬೀಸಿದಾಗ ತಲೆ. ಅದಾದ ಮೇಲೆ ದೋಣಿ ತುಂಬ ಮೀನು ಸಿಕ್ಕಿತು ಅನ್ನೋದು ಅಲ್ಲಿನವರ ನಂಬಿಕೆ. ಅದೇ ಇವತ್ತಿನ ಅಪರೆಸಿಡಾ ಮಾತೆ, ಇಡೀ ಬ್ರೆಜಿಲ್ ದೇಶದ ರಕ್ಷಕಿ. ಅಕ್ಟೋಬರ್ 12 ಅಲ್ಲಿ ರಾಷ್ಟ್ರೀಯ ರಜೆ. ಅಲ್ಲಿನ ಬೃಹತ್ ಬೆಸಿಲಿಕಾಕ್ಕೆ ಹರಿದು ಬರುವ ಜನ ಒಂದು ಕಡೆ, ಪೆರ್ನೆಂನ ಈ ಪುಟ್ಟ ಕೋಟೆ ಇನ್ನೊಂದು ಕಡೆ. ಎರಡರ ಕಥೆಯಲ್ಲೂ ಬರುವ ಸಾಹೇಬ ಒಬ್ಬನೇ. ಬೋರ್ಡಿಗೆ ಇಷ್ಟೊಂದು ಬರೆದರೂ ಓದುವವರು ಒಂದು ನಿಮಿಷ ಜಾಸ್ತಿ ನಿಲ್ಲುತ್ತಾರೆ ಅಲ್ವಾ?

ಎರಡನೆಯ ಘಟನೆಯಲ್ಲಿ ಭಕ್ತಿ ಇಲ್ಲ, ರಕ್ತ ಇದೆ. ಗಣಿಯಲ್ಲಿ ತೆಗೆದ ಚಿನ್ನದಲ್ಲಿ ಐದನೇ ಒಂದು ಪಾಲು ರಾಜನಿಗೆ ಸೇರಬೇಕಿತ್ತು. ಅದನ್ನು ತಪ್ಪಿಸದಂತೆ ಎಲ್ಲ ಚಿನ್ನವನ್ನೂ ಸರ್ಕಾರಿ ಕುಲುಮೆಯಲ್ಲೇ ಕರಗಿಸಬೇಕು ಅನ್ನುವ ಹೊಸ ಕಾನೂನು ಬಂತು. 1720ರಲ್ಲಿ ವಿಲಾ ರಿಕಾ ಊರು ದಂಗೆ ಎದ್ದಿತು. ಕೌಂಟ್ ಮೊದಲು ಒಪ್ಪಿಕೊಂಡವನ ಹಾಗೆ ನಾಟಕ ಆಡಿದ. ಸೈನಿಕರನ್ನು ಸೇರಿಸಿಕೊಂಡ ಮೇಲೆ ಮುಖಂಡರನ್ನು ಹಿಡಿಸಿದ. ಗುಡ್ಡದ ಮೇಲಿನ ಮನೆಗಳಿಗೆ ಬೆಂಕಿ ಹಾಕಿಸಿದ. ಫಿಲಿಪೆ ದೊಸ್ ಸಾಂತೋಸ್ ಎಂಬುವನನ್ನು ಕೊಲ್ಲಿಸಿ ದೇಹವನ್ನು ತುಂಡು ತುಂಡು ಮಾಡಿಸಿದ. ವಿಲಾ ರಿಕಾ ಈಗ ಔರೊ ಪ್ರೆಟೊ ಆಗಿದೆ. ಅಲ್ಲಿನ ಜನ ಆ ಗುಡ್ಡವನ್ನು ಇವತ್ತೂ ಸುಟ್ಟ ಗುಡ್ಡ ಅಂತಲೇ ಕರೆಯುತ್ತಾರೆ. ಕೌಂಟ್‌ನ ಮೇಲೆ ಅವರಿಗೆ ಪ್ರೀತಿ ಇಲ್ಲ, ಇರಬೇಕಾಗಿಯೂ ಇಲ್ಲ.

ಇಂಥವನು 1744ರಲ್ಲಿ ವೈಸರಾಯ್ ಆಗಿ ಗೋವಾಕ್ಕೆ ಬಂದ. ಆಗ ಪೋರ್ಚುಗೀಸರ ಸ್ಥಿತಿ ಹೇಗಿತ್ತು ಅಂತ ನಿಮಗೆ ನಾನು ಹೇಳಬೇಕಿಲ್ಲ. 1739ರಲ್ಲಿ ಮರಾಠರ ದಂಡನಾಯಕ ಚಿಮಾಜಿ ಅಪ್ಪ ವಸಾಯಿ ಕೋಟೆ ಕಿತ್ತುಕೊಂಡಿದ್ದ. ಮರಾಠರ ಸೈನ್ಯ ಸಾಸಷ್ಟಿಗೆ ನುಗ್ಗಿತ್ತು, ಸಾವಂತವಾಡಿಯ ಭೋಂಸ್ಲೆಯವರು ಬಾರ್ದೇಸ್‌ಗೆ ನುಗ್ಗಿದ್ದರು. ಮರ್ಯಾದೆ ಹೋದ ಮೇಲೆ ಯಾವ ಸಣ್ಣ ಗೆಲುವೂ ದೊಡ್ಡದಾಗಿ ಕಾಣುತ್ತದೆ. 1746ರ ಮೇ ತಿಂಗಳಲ್ಲಿ ಅಲೋರ್ನಾ ಬಿತ್ತು. ಅದೇ ವರ್ಷ ತೆರೆಖೋಲ್ ಕೋಟೆಯೂ ಅವರ ಕೈಸೇರಿತು. ಲಿಸ್ಬನ್‌ಗೆ ಸುದ್ದಿ ಮುಟ್ಟಿದಾಗ ರಾಜನಿಗೆ ಎಷ್ಟು ಖುಷಿಯಾಯಿತು ಅಂದರೆ, ಅಷ್ಟರಲ್ಲಿ ಕಾಸ್ತೆಲೊ ನೊವೊ ಮಾರ್ಕ್ವಿಸ್ ಆಗಿದ್ದ ಪೆಡ್ರೊನ ಬಿರುದನ್ನೇ ಬದಲಾಯಿಸಿಬಿಟ್ಟ. 1748ರಿಂದ ಅವನು ಅಲೋರ್ನಾ ಮಾರ್ಕ್ವಿಸ್. ಪೋರ್ಚುಗಲ್‌ನ ಊರಿನ ಹೆಸರು ಹೋಗಿ ನಮ್ಮ ಕರಾವಳಿಯ ಒಂದು ಹಳ್ಳಿಯ ಹೆಸರು ಬಂದು ಕೂತಿತು.

ತಮಾಷೆ ಏನು ಗೊತ್ತಾ? ಅಲೋರ್ನಾ ಕೋಟೆ ಪೋರ್ಚುಗೀಸರ ಕೈಯಲ್ಲಿ ನಿಲ್ಲಲಿಲ್ಲ. ನಡುವೆ ಮತ್ತೆ ಭೋಂಸ್ಲೆಯವರಿಗೆ ಹೋಗಿ, ಆಮೇಲೆ ಮರಳಿ ಬಂತು. ಪೆರ್ನೆಂ ಪೂರ್ತಿ ಅವರದ್ದಾದದ್ದು 1788ರಲ್ಲಿ. ಕೋಟೆ ಕೈಬಿಟ್ಟ ವರ್ಷಗಳಲ್ಲೂ ಲಿಸ್ಬನ್‌ನಲ್ಲಿ ಬಿರುದು ಮಾತ್ರ ಭದ್ರವಾಗಿತ್ತು. ಭೋಂಸ್ಲೆಯವರನ್ನು ಯಾರೂ ಕೇಳಲಿಲ್ಲ. ಕೋಟೆ ಕಟ್ಟಿದವರು, ಕಾದವರು ಅವರು. ಅವರ ಪಾಲಿನ ಕಥೆಯೂ ಬೋರ್ಡಿನ ಮೇಲೆ ಸಮಸಮವಾಗಿ ಬರಬೇಕು.

ಈಗ ನಮ್ಮ ಕಾರವಾರದ ಭಾಗ. ಪೆಡ್ರೊ 1750ರಲ್ಲಿ ಅಧಿಕಾರ ಬಿಟ್ಟು ಹೋಗುವಾಗ, ಸುತ್ತಲಿನ ರಾಜರ ಜೊತೆ ಹೇಗೆ ನಡೆದುಕೊಳ್ಳಬೇಕು ಅಂತ ಮುಂದಿನ ವೈಸರಾಯ್‌ಗೆ ದೊಡ್ಡದೊಂದು ಸಲಹಾ ಪತ್ರ ಬರೆದಿಟ್ಟ. ಇತಿಹಾಸ ಬರೆಯುವವರಿಗೆ ಅದು ಇವತ್ತೂ ಒಳ್ಳೆಯ ದಾಖಲೆ. ಅದನ್ನು ಓದಬೇಕಾಗಿದ್ದ ಹೊಸ ವೈಸರಾಯ್ ಬೇರೆ ಯಾರೂ ಅಲ್ಲ, ಅವನ ಬೀಗ! ಫ್ರಾನ್ಸಿಸ್ಕೊ ದ ಅಸ್ಸಿಸ್, ತಾವೊರಾ ಮನೆತನದ ಮೂರನೆಯ ಮಾರ್ಕ್ವಿಸ್. ಅವನಿಗೆ ಆ ಬಿರುದು ಬಂದದ್ದೇ ಹೆಂಡತಿ ಲಿಯೊನೋರ್‌ಳಿಂದ, ಮನೆತನದ ವಾರಸುದಾರಳು ಆಕೆ. ಲಿಸ್ಬನ್‌ನ ಸುಖ ಬಿಟ್ಟು ಗಂಡನ ಜೊತೆ ಹಡಗು ಹತ್ತಿ ಗೋವಾಕ್ಕೆ ಬಂದಳು. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ. ಇವರ ಮಗಳ ಹೆಸರೂ ಲಿಯೊನೋರ್. ಮದುವೆ ಆಗಿದ್ದು ಪೆಡ್ರೊನ ಮಗ ಜೊವಾವೊನನ್ನು. ಹೋಗುವ ವೈಸರಾಯ್ ಮತ್ತು ಬರುವ ವೈಸರಾಯ್ ಬೀಗರು. ಗೋವಾದಲ್ಲಿ ಅಧಿಕಾರ ಕೈ ಬದಲಾದ ಅದೇ 1750ರ ಅಕ್ಟೋಬರ್‌ನಲ್ಲಿ ಲಿಸ್ಬನ್‌ನಲ್ಲಿ ಇಬ್ಬರಿಗೂ ಮೊಮ್ಮಗಳು ಹುಟ್ಟಿದಳು. ಅವಳಿಗೂ ಲಿಯೊನೋರ್ ಅಂತಲೇ ಹೆಸರಿಟ್ಟರು. ಅಜ್ಜಿ, ಮಗಳು, ಮೊಮ್ಮಗಳು ಮೂವರಿಗೂ ಒಂದೇ ಹೆಸರು. ಸ್ವಲ್ಪ ಗೊಂದಲ ಆಗುತ್ತದೆ, ಸಹಿಸಿಕೊಳ್ಳಿ. ನಮ್ಮ ಮನೆಗಳಲ್ಲೂ ಅಜ್ಜಿಯ ಹೆಸರಿಡುವುದು ಇದೆಯಲ್ಲ.

ತಾವೊರಾ ಮಾರ್ಕ್ವಿಸ್ 1752ರಲ್ಲಿ ಸೋಂದೆ ಅರಸರ ಮೇಲೆ ದಂಡೆತ್ತಿ ಬಂದು ಕಾಳಿ ನದಿಯ ಬಾಯಲ್ಲಿರುವ ಸದಾಶಿವಗಡ ಹಿಡಿದ. ಪೋರ್ಚುಗೀಸರ ಕಾಗದಪತ್ರಗಳಲ್ಲಿ ಅದಕ್ಕೆ ಪೀರೊ ಕೋಟೆ ಅಂತ ಹೆಸರು. ಎರಡು ವರ್ಷ ಇಟ್ಟುಕೊಂಡು 1754ರಲ್ಲಿ ವಾಪಸ್ ಕೊಟ್ಟರು. ಗೋವಾಕ್ಕೆ ಹೋಗುವ ಕನ್ನಡಿಗರು ಕಾಳಿ ಸೇತುವೆ ದಾಟುತ್ತಿದ್ದಂತೆ ಹೆದ್ದಾರಿ ಕೊರೆದುಕೊಂಡು ಹೋಗುವ ಗುಡ್ಡ ಇದೆಯಲ್ಲ, ಅದೇ. ಸೋಂದೆ ಅರಸರ ಕಥೆ ಅಲ್ಲಿಗೆ ಮುಗಿಯಲಿಲ್ಲ. ಹೈದರ್ ಅಲಿ ಶಿರಸಿ ಕಡೆಯ ಅವರ ಸೀಮೆಯನ್ನು ಹಿಡಿದಾಗ ಅವರು ಆಸರೆ ಕೇಳಿಕೊಂಡು ಹೋದದ್ದು ಇದೇ ಪೋರ್ಚುಗೀಸರ ಹತ್ತಿರ. ಫೋಂಡಾದ ಬಾಂದೋಡೆಯಲ್ಲಿ ಅವರ ಮನೆತನ ನೆಲೆಸಿತು. ಕೋಟೆ ಕಸಿದವರ ಮನೆಯಲ್ಲೇ ಕೊನೆಗೆ ಆಶ್ರಯ! ರಾಜಕೀಯ ಅಂದರೆ ಅವತ್ತೂ ಹೀಗೇ ಇತ್ತು.

ತಾವೊರಾ ದಂಪತಿ ಗೋವಾದಲ್ಲಿ ಗೆದ್ದು ಲಿಸ್ಬನ್‌ಗೆ ಮರಳಿದರು. ಅವರಿಗೆ ಸಿಗಬೇಕಾದ ಮರ್ಯಾದೆ ಸಿಗಲಿಲ್ಲ. 1755ರ ನವೆಂಬರ್ 1ರ ಭೂಕಂಪ ಊರನ್ನೇ ಮಲಗಿಸಿತು. ಊರನ್ನು ಮತ್ತೆ ಎಬ್ಬಿಸಿದ ಮಂತ್ರಿ ಸೆಬಾಸ್ಟಿಯಾವೊ ಜೊಸೆ ದ ಕಾರ್ವಾಲ್ಯೊ, ಮುಂದೆ ಪೊಂಬಾಲ್ ಮಾರ್ಕ್ವಿಸ್ ಅಂತ ಹೆಸರಾದವನು. ರಾಜ ಅವನ ಮುಷ್ಟಿಯಲ್ಲಿ. ಹಳೆಯ ಮನೆತನದವರಿಗೆ ಇವನನ್ನು ಕಂಡರೆ ತಾತ್ಸಾರ, ಇವನಿಗೆ ಅವರನ್ನು ಕಂಡರೆ ಉರಿ.

1758ರ ಸೆಪ್ಟೆಂಬರ್ 3ರ ರಾತ್ರಿ ರಾಜ ಜೊಸೆ ಗಾಡಿಯಲ್ಲಿ ಗುಟ್ಟಾಗಿ ಹಿಂದಿರುಗುತ್ತಿದ್ದಾಗ ಯಾರೋ ಗುಂಡು ಹೊಡೆದರು. ರಾಜ ಬದುಕಿದ. ಅವನು ಹೋಗಿದ್ದು ತಾವೊರಾ ಮನೆಯ ಸೊಸೆಯನ್ನು ನೋಡುವುದಕ್ಕೆ ಅನ್ನೋದು ಊರಿಗೆಲ್ಲ ಗೊತ್ತಿದ್ದ ಗುಟ್ಟು. ಡಿಸೆಂಬರ್‌ನಲ್ಲಿ ಇಡೀ ಮನೆತನವನ್ನು ಹಿಡಿದರು. ಚಿತ್ರಹಿಂಸೆ, ತರಾತುರಿಯ ವಿಚಾರಣೆ. 1759ರ ಜನವರಿ 13ರಂದು ಬೆಲೆಮ್‌ನಲ್ಲಿ ವಧಾಸ್ಥಾನ ಕಟ್ಟಿದರು. ಮೊದಲು ತಲೆ ಕೊಟ್ಟವಳು ಅಜ್ಜಿ ಲಿಯೊನೋರ್, ಗೋವಾದಲ್ಲಿ ವೈಸರಾಯ್ ಹೆಂಡತಿಯಾಗಿ ಮೆರೆದವಳು. ಆಮೇಲೆ ಅವಳ ಇಬ್ಬರು ಗಂಡುಮಕ್ಕಳು, ಅತೊಗಿಯಾ ಕೌಂಟ್ ಆಗಿದ್ದ ಅಳಿಯ, ಸದಾಶಿವಗಡ ಹಿಡಿದ ಗಂಡ ಫ್ರಾನ್ಸಿಸ್ಕೊ, ಜೊತೆಗೆ ಇದೇ ಆರೋಪ ಹೊತ್ತ ಅವೈರು ಡ್ಯೂಕ್. ಹೆಣಗಳನ್ನು ಸುಟ್ಟು ಬೂದಿಯನ್ನು ತೇಜು ನದಿಗೆ ಚೆಲ್ಲಿದರು. ತಾವೊರಾ ಅನ್ನುವ ಹೆಸರನ್ನೇ ನಿಷೇಧಿಸಿದರು, ಲಾಂಛನಗಳನ್ನು ಕೆತ್ತಿ ತೆಗೆಸಿದರು. ಅವೈರು ಡ್ಯೂಕ್‌ನ ಅರಮನೆಯನ್ನು ಕೆಡವಿ ಆ ನೆಲಕ್ಕೆ ಉಪ್ಪು ಸುರಿದು ಒಂದು ಕಲ್ಲಿನ ಕಂಬ ನೆಟ್ಟರು. ಇಲ್ಲಿ ಎಂದೂ ಏನೂ ಕಟ್ಟಬಾರದು ಅಂತ ಅದರ ಮೇಲೆ ಬರೆದಿದೆ. ಬೆಲೆಮ್‌ನ ಒಂದು ಓಣಿಯಲ್ಲಿ ಆ ಕಂಬ ಈಗಲೂ ನಿಂತಿದೆ. ಸುತ್ತಲೂ ಮನೆಗಳಾಗಿವೆ, ಅದು ಬೇರೆ ಮಾತು.

ಇದೇ ನೆಪದಲ್ಲಿ ಜೆಸ್ಯೂಟ್ ಪಾದ್ರಿಗಳಿಗೂ ಗತಿ ಕಾಣಿಸಿದರು. 1759ರಲ್ಲಿ ಅವರನ್ನು ಪೋರ್ಚುಗಲ್‌ನಿಂದಲೂ ಅದರ ವಸಾಹತುಗಳಿಂದಲೂ ಹೊರದಬ್ಬಲು ಶುರುವಾಯಿತು. ಓಲ್ಡ್ ಗೋವಾದಲ್ಲಿ ಅದರ ಪೆಟ್ಟು ಎಷ್ಟಿತ್ತು ಅಂತ ನಿಮಗೆ ಗೊತ್ತೇ ಇದೆ.

ಅಲೋರ್ನಾದವರ ಮೇಲೆ ಏನು ಆರೋಪ? ತಾವೊರಾದ ಅಳಿಯ ಅನ್ನೋದೇ ಸಾಕಾಯಿತು. ಕೋಟೆ ಗೆದ್ದ ಪೆಡ್ರೊ 1756ರಲ್ಲೇ ತೀರಿಕೊಂಡಿದ್ದ, ಪುಣ್ಯವಂತ. ಅವನ ಮಗ ಜೊವಾವೊ, ಎರಡನೆಯ ಮಾರ್ಕ್ವಿಸ್, ಜುಂಕೇರಾ ಕೋಟೆಯ ಕತ್ತಲೆ ಕೋಣೆ ಸೇರಿದ. ಅವನ ಹೆಂಡತಿಯನ್ನು, ಇಬ್ಬರು ಹೆಣ್ಣುಮಕ್ಕಳ ಜೊತೆ ಲಿಸ್ಬನ್‌ನ ಅಂಚಿನ ಶೆಲಾಸ್ ಸನ್ಯಾಸಿನಿಯರ ಮಠದಲ್ಲಿ ಕೂಡಿಹಾಕಿದರು. ದೊಡ್ಡ ಹುಡುಗಿ ಲಿಯೊನೋರ್‌ಗೆ ಆಗ 8 ವರ್ಷ. ಹೊರಗೆ ಬಂದದ್ದು ರಾಜ ಸತ್ತು, ಮಗಳು ಮರಿಯಾ ಪಟ್ಟಕ್ಕೆ ಬಂದು, ಪೊಂಬಾಲ್ ಅಧಿಕಾರ ಕಳೆದುಕೊಂಡ ಮೇಲೆ. ಅಂದರೆ 1777ರಲ್ಲಿ. 18 ವರ್ಷ!

ಇಡೀ ಕಥೆಯಲ್ಲಿ ನನ್ನ ಮನಸ್ಸು ಹೋಗಿ ನಿಲ್ಲುವುದು ಈ ಮಠದ ಹುಡುಗಿಯ ಹತ್ತಿರ. ಸುಮ್ನೆ ಜಪಮಾಲೆ ಎಣಿಸುತ್ತ ಕೂರಲಿಲ್ಲ ಅವಳು. ಲ್ಯಾಟಿನ್ ಕಲಿತಳು, ಫ್ರೆಂಚ್ ತತ್ವಶಾಸ್ತ್ರ ಓದಿದಳು, ಪದ್ಯ ಬರೆದಳು. ಊರಿನ ಕವಿಗಳು ಮಠದ ಜಾಲರಿ ಕಿಟಕಿಯ ಈಚೆ ನಿಂತು ಅವಳ ಪದ್ಯ ಕೇಳಿ ಹೋಗುತ್ತಿದ್ದರು. ಅವರಲ್ಲೊಬ್ಬ ಫಿಲಿಂತೊ ಎಲಿಸಿಯೊ ಅವಳಿಗೆ ಅಲ್ಸಿಪೆ ಅನ್ನುವ ಕಾವ್ಯನಾಮ ಕೊಟ್ಟ. ಬಿಡುಗಡೆಯಾದ ಮೇಲೆ 1779ರಲ್ಲಿ ಓಯನ್‌ಹೌಸನ್ ಅನ್ನುವ ಜರ್ಮನ್ ಕೌಂಟ್‌ನನ್ನು ಮದುವೆಯಾದಳು. ಅವನು ರಾಯಭಾರಿಯಾದಾಗ ಜೊತೆಯಲ್ಲಿ ವಿಯೆನ್ನಾಕ್ಕೆ ಹೋದಳು. 1793ರಲ್ಲಿ ವಿಧವೆಯಾದಳು. ಇಂಗ್ಲಿಷ್, ಜರ್ಮನ್ ಕಾವ್ಯಗಳನ್ನು ಪೋರ್ಚುಗೀಸ್‌ಗೆ ತಂದಳು. ಆಮೇಲೆ ಬಂದ ಪೋರ್ಚುಗಲ್‌ನ ದೊಡ್ಡ ಸಾಹಿತಿ ಅಲೆಶಾಂದ್ರೆ ಎರ್ಕುಲಾನೊ ತನ್ನ ಹರೆಯದಲ್ಲಿ ಆಕೆಯ ಮನೆಯ ಕೂಟಗಳಿಗೆ ಹೋಗುತ್ತಿದ್ದ, ಆಕೆಯ ಋಣವನ್ನು ಬಾಯ್ತುಂಬ ಹೇಳಿಕೊಂಡ.

ಅವಳ ಅಪ್ಪ ಜೈಲಿನಿಂದ ಬಂದ ಮೇಲೆ ಸುಮ್ಮನೆ ಕೂರಲಿಲ್ಲ. ನನ್ನ ತಪ್ಪಿಲ್ಲ ಅಂತ ಬರೆದುಕೊಡಿ ಎಂದು ಹಟ ಹಿಡಿದ. ಬರೆಸಿಕೊಂಡ. ಆಮೇಲೆ ಹೆಂಡತಿಯ ಮನೆಯವರ ಕೇಸನ್ನೂ ಮತ್ತೆ ತೆಗೆಸಿದ. 1781ರಲ್ಲಿ ಮರುವಿಚಾರಣೆ ನಡೆಸಿದವರು ತಾವೊರಾದವರಲ್ಲಿ ತಪ್ಪು ಕಾಣಲಿಲ್ಲ. ತಲೆ ಹೋಗಿ 22 ವರ್ಷ ಆಗಿತ್ತು.

ಮೂರನೆಯ ಮಾರ್ಕ್ವಿಸ್ ಕವಯಿತ್ರಿ ಲಿಯೊನೋರ್‌ಳ ತಮ್ಮ, ಅಜ್ಜನ ಹೆಸರಿನವನೇ, ಪೆಡ್ರೊ. ಸೈನ್ಯದಲ್ಲಿ ಜನರಲ್. 1807ರಲ್ಲಿ ಫ್ರೆಂಚರು ಪೋರ್ಚುಗಲ್‌ಗೆ ನುಗ್ಗಿದಾಗ ರಾಜಮನೆತನ ಹಡಗು ಹತ್ತಿ ಬ್ರೆಜಿಲ್‌ಗೆ ಹೋಯಿತು. ಉಳಿದ ಪೋರ್ಚುಗೀಸ್ ಸೈನಿಕರನ್ನು ಸೇರಿಸಿ ಫ್ರೆಂಚರು ಒಂದು ಪಡೆ ಕಟ್ಟಿದರು, ಅದರ ಮುಖ್ಯಸ್ಥ ಇವನು. ನೆಪೋಲಿಯನ್‌ನ ಪರವಾಗಿ ಸ್ವಂತ ದೇಶದ ಮೇಲೇ ಬಂದ. ದೇಶದ್ರೋಹಿ ಅಂತ ಶಿಕ್ಷೆ ವಿಧಿಸಿದರು. ರಷ್ಯಾದ ದಂಡಯಾತ್ರೆಗೂ ಹೋಗಿ, ಹಿಂದಿರುಗುವಾಗ 1813ರ ಜನವರಿಯಲ್ಲಿ ಕೋನಿಗ್ಸ್‌ಬರ್ಗ್‌ನಲ್ಲಿ ಸತ್ತ. ಗೋವಾದ ಹಳ್ಳಿಯ ಹೆಸರು ಹೊತ್ತ ಮನುಷ್ಯ ಬಾಲ್ಟಿಕ್ ಚಳಿಯಲ್ಲಿ ಪ್ರಾಣ ಬಿಟ್ಟ. ಅವನು ಮಾಡಿದ್ದು ಸರಿಯೋ ತಪ್ಪೋ, ಪೋರ್ಚುಗಲ್‌ನವರು ಜಗಳಾಡಿಕೊಳ್ಳಲಿ. ಅಜ್ಜಿಯ ತಲೆ ಕಡಿದು, ತಾತನನ್ನು ಕೊಲ್ಲಿಸಿ, ಅಪ್ಪನನ್ನು ಕೂಡಿಹಾಕಿದ ಸಿಂಹಾಸನಕ್ಕೆ ಅವನು ಎಷ್ಟು ನಿಷ್ಠನಾಗಿರಬೇಕಿತ್ತು ಅಂತ ನನಗಂತೂ ಅನಿಸಿದೆ. ಅಕ್ಕ ಇಂಗ್ಲೆಂಡಿನಲ್ಲಿ ವರ್ಷಗಟ್ಟಲೆ ಇದ್ದು 1814ರಲ್ಲಿ ಊರಿಗೆ ಬಂದಳು. ತಮ್ಮನ ಹೆಸರಿಗೆ ಅಂಟಿದ ಕಳಂಕ ತೊಳೆಯಲು ಓಡಾಡಿದಳು. ಬಿರುದು ಅವಳಿಗೆ ಬಂತು. ನಾಲ್ಕನೆಯ ಅಲೋರ್ನಾ ಮಾರ್ಕ್ವಿಸಾ. 1839ರಲ್ಲಿ ತೀರಿಕೊಂಡಳು. ಪೋರ್ಚುಗಲ್‌ನಲ್ಲಿ ಇವತ್ತು ಅಲೋರ್ನಾ ಅಂದರೆ ಜನಕ್ಕೆ ನೆನಪಾಗುವುದು ಕೋಟೆ ಗೆದ್ದ ಅಜ್ಜ ಅಲ್ಲ, ಈಕೆ.

ಇಲ್ಲಿ ಒಂದು ಮಾತು. ಪೋರ್ಚುಗಲ್‌ನಲ್ಲಿ ಸಾಮಾನ್ಯವಾಗಿ ಬಿರುದು ಅಪ್ಪನಿಂದ ಮಗನಿಗೆ ತಾನಾಗಿ ಇಳಿದು ಬರುತ್ತಿರಲಿಲ್ಲ. ಒಂದು ಜೀವಕ್ಕೆ, ಎರಡು ಜೀವಕ್ಕೆ ಅಂತ ಲೆಕ್ಕ ಹಾಕಿ ರಾಜ ಕೊಡುತ್ತಿದ್ದ. ಮುಂದಿನವನಿಗೆ ಬೇಕಾದರೆ ಮತ್ತೆ ಅರಮನೆಯ ಒಪ್ಪಿಗೆ ಬೇಕು. ರಾಜನ ಮರ್ಜಿ ಹೋದರೆ ಬಿರುದೂ ಹೋಯಿತು, ಕೆಲವೊಮ್ಮೆ ತಲೆಯೂ. ತಾವೊರಾ ಮತ್ತು ಅಲೋರ್ನಾ ಎರಡೂ ಮನೆಗಳು ಇದನ್ನು ಮೈಮೇಲೆ ಅನುಭವಿಸಿದವು.

ಮಾರ್ಕ್ವಿಸಾಳ ಮಗಳು ಮದುವೆಯಾದದ್ದು ಫ್ರೊಂತೇರಾ ಮಾರ್ಕ್ವಿಸ್‌ನನ್ನು. ಹೀಗಾಗಿ ಅಲೋರ್ನಾ ಬಿರುದು ಆ ಮನೆತನದಲ್ಲಿ ಸೇರಿಹೋಯಿತು. 1910ರಲ್ಲಿ ಗಣರಾಜ್ಯ ಬಂದು ಕಾನೂನಿನ ಪ್ರಕಾರ ಬಿರುದುಗಳೆಲ್ಲ ಮುಗಿದವು. ಆದರೂ ಲಿಸ್ಬನ್‌ನ ಬೆನ್‌ಫಿಕಾದಲ್ಲಿರುವ ಫ್ರೊಂತೇರಾ ಅರಮನೆಗೆ ಹೋದರೆ, ಅದನ್ನು ನೋಡಿಕೊಳ್ಳುವ ಫೌಂಡೇಶನ್‌ನ ಹೆಸರಲ್ಲಿ ಫ್ರೊಂತೇರಾ ಜೊತೆ ಅಲೋರ್ನಾವೂ ಇದೆ. ನೀಲಿ ಹೆಂಚಿನ ಗೋಡೆಗಳನ್ನು ನೋಡಲು ಟಿಕೆಟ್ ತಗೊಂಡು ಜನ ಬರುತ್ತಾರೆ. ಅಲ್ಮೈರಿಂ ಊರಿನಲ್ಲಿ ಪೆಡ್ರೊ 1723ರಲ್ಲಿ ಕೊಂಡಿದ್ದ ತೋಟ ಇದೆ, ಅದಕ್ಕೂ ಅಲೋರ್ನಾ ಅಂತಲೇ ಹೆಸರು. ಅಲ್ಲಿ ವೈನ್ ಮಾಡುತ್ತಾರೆ, ಬಾಟಲಿಯ ಮೇಲೆ ದಪ್ಪಕ್ಷರದಲ್ಲಿ ಅಲೋರ್ನಾ. ಕುಡಿಯುವವರಲ್ಲಿ ಎಷ್ಟು ಜನಕ್ಕೆ ಇದು ಚಾಪೋರಾ ದಡದ ಹಳ್ಳಿ ಅಂತ ಗೊತ್ತಿರಬಹುದು?

ವಸಾಹತು ಆಳಿದವರ ಬಿರುದುಗಳನ್ನು ನಾವ್ಯಾಕೆ ಹೊತ್ತು ತಿರುಗಬೇಕು ಅಂತ ಕೆಲವರು ಕೇಳುತ್ತಾರೆ. ಕೇಳಲಿ, ಪ್ರಶ್ನೆ ಸರಿಯಾಗಿಯೇ ಇದೆ. ನಾನು ಹೊಗಳಿ ಬರೆಸಿ ಅಂತ ಹೇಳುತ್ತಿಲ್ಲ. ವಿಲಾ ರಿಕಾದಲ್ಲಿ ಹಾಕಿಸಿದ ಬೆಂಕಿಯನ್ನೂ ಬರೆಸಿ, ಶೆಲಾಸ್ ಮಠದ 18 ವರ್ಷವನ್ನೂ ಬರೆಸಿ. ಬರೆಸದೆ ಬಿಟ್ಟರೆ ಹೆಸರು ಅವರ ಬಾಟಲಿಯ ಮೇಲೆ ಇರುತ್ತದೆ, ಕಥೆ ಅವರ ಪುಸ್ತಕದಲ್ಲಿ ಇರುತ್ತದೆ, ನಮ್ಮ ಹತ್ತಿರ ಸೆಲ್ಫಿ ಮಾತ್ರ ಉಳಿಯುತ್ತದೆ. ಅದೇ ಪೆರ್ನೆಂನಲ್ಲಿ ದೇಶಪ್ರಭು ಮನೆತನಕ್ಕೆ ಪೋರ್ಚುಗೀಸ್ ಅರಸರು ವೈಕೌಂಟ್ ಬಿರುದು ಕೊಟ್ಟಿದ್ದರಲ್ಲ, ಒಂದು ಹಿಂದೂ ಮನೆತನಕ್ಕೆ. ಒಂದೇ ತಾಲೂಕಿನ ಎರಡು ಬಿರುದು, ಎರಡು ದಾರಿ. ಅದನ್ನೂ ಒಂದು ಪ್ಯಾರಾದಲ್ಲಿ ಸೇರಿಸಬಹುದು.

ಬೋರ್ಡು ಕೊಂಕಣಿ, ಮರಾಠಿ, ಇಂಗ್ಲಿಷ್‌ನಲ್ಲಿ ಇರಲಿ. ಕನ್ನಡದಲ್ಲೂ ಇರಲಿ, ನಿಮ್ಮ ಬೀಚುಗಳಲ್ಲಿ ಕನ್ನಡ ಎಷ್ಟು ಕೇಳುತ್ತದೆ ಅಂತ ನಿಮಗೇ ಗೊತ್ತು. ಮೋಪಾ ವಿಮಾನ ನಿಲ್ದಾಣ ಇರುವುದೇ ಪೆರ್ನೆಂನಲ್ಲಿ. ಇಳಿದವರು ನೇರ ಕಡಲಿಗೆ ಓಡುವ ಮುಂಚೆ ಒಂದು ಗಂಟೆ ಕೋಟೆಗೆ ಬರಲಿ. ಗೈಡ್‌ಗಳಿಗೆ ತರಬೇತಿ ಕೊಡುವಾಗ ಅಲೋರ್ನಾ, ತಾವೊರಾ ಮನೆತನಗಳ ಬಗ್ಗೆ ಒಂದು ತರಗತಿ ಇಟ್ಟುಬಿಡಿ. ಓಲ್ಡ್ ಗೋವಾದ ಮ್ಯೂಸಿಯಂನಲ್ಲಿ ಸಾಲಾಗಿ ತೂಗುಹಾಕಿರುವ ವೈಸರಾಯ್‌ಗಳ ಚಿತ್ರಗಳ ಮುಂದೆ ನಿಂತವರಿಗೆ, ಇವನು ಆ ಬೀಗ, ಇವನ ಪ್ರಾಣ ಬೆಲೆಮ್‌ನಲ್ಲಿ ಹೋಯಿತು ಅಂತ ಹೇಳುವವರು ಒಬ್ಬರಾದರೂ ಬೇಕು.

ಉತ್ತರ ಯಾವ ಭಾಷೆಯಲ್ಲಿ ಬಂದರೂ ಓದುತ್ತೇನೆ. ಕಾರವಾರದವರಿಗೆ ಕೊಂಕಣಿ ಹೊಸದಲ್ಲ.

ಇಂತಿ ತಮ್ಮ ವಿಶ್ವಾಸಿ,
ಕಾರವಾರದ ಒಬ್ಬ ನಾಗರಿಕ

ಪ್ರತಿ: ಕರ್ನಾಟಕ ಸರ್ಕಾರದ ಪ್ರವಾಸೋದ್ಯಮ ಇಲಾಖೆಗೆ. ಸದಾಶಿವಗಡದಲ್ಲೂ 1752ರಿಂದ 1754ರವರೆಗಿನ ಕಥೆ ಬರೆಸಬೇಕು, ಅದನ್ನು ಹಿಡಿದವನಿಗೆ ಮುಂದೆ ಏನಾಯಿತು ಅನ್ನುವುದನ್ನೂ ಸೇರಿಸಬೇಕು ಎಂಬ ವಿನಂತಿಯೊಂದಿಗೆ.